ನಾಬೋತ ಬೇಡವೆಂದ ಬೆಲೆ

ಬೈರಮಂಗಲದ ಸುತ್ತ ಈಗ ಯಾರ ಮನೆಗೆ ಹೋದರೂ ಎಕರೆಗೆ ಎಷ್ಟು ಕೊಡ್ತಾರೆ ಎಂಬುದೇ ಮಾತು. ಬಿಡದಿ ಉಪನಗರದ ಪ್ರಸ್ತಾವ 2006ರಷ್ಟು ಹಳೆಯದು. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಜಮೀನಿಗೆ ಅಧಿಸೂಚನೆ ಹೊರಟ ಮೇಲೆ ಅದು ನಮ್ಮ ಮಾವನವರ ಮನೆಯೊಳಕ್ಕೂ ಬಂತು. ಭಾನುವಾರ ಆರಾಧನೆ ಮುಗಿಸಿ ಊಟಕ್ಕೆ ಕೂತಾಗ ಭಾಮೈದ ಕೇಳಿದ: "ಭಾವ, ದುಡ್ಡು ಬ್ಯಾಂಕಿಗೆ ಹಾಕಿದ್ರೆ ಬಡ್ಡೀಲೇ ಜೀವನ ನಡೆಯಲ್ವಾ?"

ಲೆಕ್ಕ ಹಾಕಿ ತೋರಿಸಿದೆ. ಒಂದು ಕೋಟಿ ಬಂತು ಅಂದುಕೊಳ್ಳೋಣ. ಶೇ 7ರ ಬಡ್ಡಿಯಾದರೆ ವರ್ಷಕ್ಕೆ ಏಳು ಲಕ್ಷ. ಬೆಲೆಏರಿಕೆ ಶೇ 5 ಇದ್ದರೆ, ಅಸಲಿನ ಕಸುವು ಕುಗ್ಗದಿರಲು ಅದರಲ್ಲಿ ಐದು ಲಕ್ಷವನ್ನು ಮತ್ತೆ ಅಸಲಿಗೇ ಸೇರಿಸಬೇಕು. ನಿಶ್ಚಿಂತೆಯಿಂದ ಖರ್ಚು ಮಾಡಲು ಉಳಿಯುವುದು ಎರಡೇ ಲಕ್ಷ. ಇನ್ನೊಂದು ಕಡೆ ಡೇರಿ ಬಟವಾಡೆ, ರೇಷ್ಮೆ ಗೂಡಿನ ದುಡ್ಡು, ತೆಂಗು, ಹಸುವಿನ ಮೇವು. ಅತ್ತೆಯ ದುಡಿಮೆಗೆ ಆ ಜಮೀನಿನಲ್ಲಿ ಬೆಲೆಯಿದೆ, ಬ್ಯಾಂಕಿನಲ್ಲಿ ಅದಕ್ಕೆ ಜಾಗವಿಲ್ಲ.

ನಾನು ಮುಕ್ತ ಮಾರುಕಟ್ಟೆಯನ್ನು ನಂಬುವವನು. ಮಾರಬೇಕು ಅನ್ನುವ ನೆರೆಯವರನ್ನು ಯಾರೂ ತಡೆಯಬಾರದು. ಮಗಳ ಓದು, ಸಾಲ, ವೃಷಭಾವತಿ ಹೊತ್ತು ತರುವ ಕೊಳಚೆಯಿಂದ ಕೆಟ್ಟ ಕೆರೆ, ಹೀಗೆ ಅವರಿಗೆ ಅವರದೇ ಕಾರಣಗಳಿವೆ. ಆದರೆ ಮಾರುವವನು ಒಲ್ಲೆ ಎನ್ನಬಹುದಾದರೆ ಮಾತ್ರ ಅದು ಮಾರುಕಟ್ಟೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿದ ದರ ಒಪ್ಪಿಗೆಯಾಗದಿದ್ದರೆ ರೈತ ಲಾಟನ್ನು ಬಿಟ್ಟುಕೊಡಬೇಕಿಲ್ಲ. ಗೂಡಿಗೆ ಇರುವ ಈ ಹಕ್ಕು ಗೂಡು ಬೆಳೆದ ನೆಲಕ್ಕಿಲ್ಲ. 1978ರ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಹೊರಬಿತ್ತು.

ಪರಿಹಾರ ನಿಗದಿ ಮಾಡುವಾಗ ಆಸುಪಾಸಿನ ಕ್ರಯಪತ್ರಗಳ ದರವನ್ನೂ ನೋಡುತ್ತಾರೆ. ಆದರೆ 2020ರ ತಿದ್ದುಪಡಿಯವರೆಗೂ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರಿಗೆ ಸಾಗುವಳಿ ಜಮೀನು ಕೊಳ್ಳಲು ಬಿಟ್ಟಿರಲಿಲ್ಲ. ಕೊಳ್ಳುವವರನ್ನು ದಶಕಗಳ ಕಾಲ ದೂರವಿಟ್ಟ ಕಡೆ, ಉಪನಗರದ ಸುದ್ದಿಯ ನೆರಳಲ್ಲಿ, ಬರೆದ ಕ್ರಯಪತ್ರ ನೆಲದ ನಿಜವಾದ ಬೆಲೆ ಹೇಳುತ್ತದೆಂದು ನಾನು ಒಪ್ಪುವುದಿಲ್ಲ.

ಮಾವ ಹಣಕಾಸಿನ ಪುಸ್ತಕ ಓದಿದವರಲ್ಲ, ಬೈಬಲ್ ಓದಿದವರು. ಅರಸುಗಳ ಮೊದಲ ಗ್ರಂಥದ 21ನೇ ಅಧ್ಯಾಯ ತೆಗೆದರು. ಅಹಾಬ ರಾಜನಿಗೆ ನಾಬೋತನ ದ್ರಾಕ್ಷಿತೋಟ ಬೇಕಿತ್ತು, ಕಾಯಿಪಲ್ಯ ಬೆಳೆಯಲು. ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ಕೊಡುತ್ತೇನೆ ಅಂದ. ದರದಲ್ಲಿ ಮೋಸವಿರಲಿಲ್ಲ. ಪಿತ್ರಾರ್ಜಿತ ಎಂದು ನಾಬೋತ ಒಪ್ಪಲಿಲ್ಲ, ಅದಕ್ಕಾಗಿ ಪ್ರಾಣವನ್ನೇ ತೆತ್ತ. ಆ ಅಧ್ಯಾಯದಲ್ಲಿ ದೇವರು ನಾಬೋತನ ಪಕ್ಷ. ಹಾಗೆಂದೇ ಜಮೀನು ಕೊಡುವುದಿಲ್ಲವೆಂಬ ಮಾವನ ಹಟ ನನಗೆ ಮೊಂಡುತನವಾಗಿ ಕಾಣುವುದಿಲ್ಲ.

ಆದರೂ ಸರ್ಕಾರ ಜಮೀನು ಕೊಂಡೇ ಹೋದರೆ? ಅದಕ್ಕೂ ಮನೆ ಸಿದ್ಧವಿರಬೇಕು. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಕೊಳವೆಬಾವಿ, ತೆಂಗು, ಕೊಟ್ಟಿಗೆ, ಹುಳುಸಾಕಣೆ ಮನೆ ಎಲ್ಲವನ್ನೂ ಪಟ್ಟಿಗೆ ಸೇರಿಸಿ. ಹಣ ಬಂದರೆ ಎರಡು ವರ್ಷದ ಖರ್ಚನ್ನು ಬೇರೆ ಇಡಿ. ದಶಮಾಂಶ ಎಷ್ಟು, ಯಾವಾಗ ಎಂಬುದನ್ನು ಗಂಡಹೆಂಡಿರೇ ಕೂತು ತೀರ್ಮಾನಿಸಿ, ಯಾರ ಒತ್ತಾಯಕ್ಕೂ ಬೇಡ. ಉಯಿಲನ್ನು ಈಗಲೇ ಬರೆಸಿ. ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳಿರುವವನು ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಅತ್ತೆಗೆ ಅಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ. ಅದನ್ನು ಮಾವನಿಗೆ ಹೇಳಿದ್ದೇನೆ, ಮಗನೂ ಮಗಳೂ ಒಪ್ಪಿದ್ದಾರೆ.