ಕ್ಯಾಮೆರಾ ಕೊಳ್ಳುವ ಮುನ್ನ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಬಂದಾಗ, ಶಾಲೆಗೊಂದು ಕ್ಯಾಮೆರಾ ತೆಗೆಸಿಕೊಡುವ ಇಚ್ಛೆಯನ್ನು ಸಂಘದ ಮುಂದಿಟ್ಟರು. ಯಾವುದು ಬೇಕೆಂಬುದನ್ನು ನಾವೇ ನಿಶ್ಚಯಿಸಿ ತಿಳಿಸಬೇಕೆಂದರು. ಆ ನಿಶ್ಚಯವೇ ಕಠಿನವಾಯಿತು. ಸಭೆಯಲ್ಲಿ ಕೆಲವರು, ಕೊಳ್ಳುವುದಾದರೆ ವೃತ್ತಿಯವರು ಬಳಸುವ ದೊಡ್ಡ ಮಿರರ್‌ಲೆಸ್ ಕ್ಯಾಮೆರಾವನ್ನೇ ಕೊಳ್ಳಬೇಕೆಂದರು. ಇನ್ನು ಕೆಲವರು, ಕಿಸೆಯಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಕ್ಯಾಮೆರಾ ಸಾಕೆಂದರು. ಮರುದಿನ ಒಂಬತ್ತನೆಯ ತರಗತಿಯಲ್ಲಿ ಈ ವಿಷಯ ಪ್ರಸ್ತಾಪಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಾಷ್ಟ್ರೇ, ದೊಡ್ಡದು ಬಂದರೆ ಅದನ್ನು ನಮ್ಮ ಕೈಗೆ ಕೊಡುತ್ತೀರಾ?" ಎಂದು ಕೇಳಿದಳು.

ಸಭೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಆ ದಿನ ನಾವು ಉತ್ತರ ಹೇಳಲಿಲ್ಲ. ಈ ಪಾಠವೇ ಆ ಉತ್ತರ. ಮನೆಯಲ್ಲಿ ಮಕ್ಕಳಿಗಾಗಿ ಕ್ಯಾಮೆರಾ ಕೊಳ್ಳುವ ಯೋಚನೆಯುಳ್ಳ ಪೋಷಕರಿಗೂ ಇದು ಉಪಯೋಗಕ್ಕೆ ಬರಬಹುದು.

ಎರಡರ ರಚನೆ

ಮೊದಲು ಹೆಸರಿನ ಅರ್ಥವನ್ನು ತಿಳಿಯೋಣ. ಎಸ್‌ಎಲ್‌ಆರ್ ಎಂಬ ಬಗೆಯ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಒಳಬಂದ ಬೆಳಕು ಆ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲಕ್ಕೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಮಿರರ್‌ಲೆಸ್ ಎಂದರೆ ಆ ಕನ್ನಡಿಯಿಲ್ಲದ್ದು. ಅದರಲ್ಲಿ ಬೆಳಕು ನೇರವಾಗಿ ಸೆನ್ಸರ್ ಎಂಬ ಫಲಕದ ಮೇಲೆ ಬೀಳುತ್ತದೆ. ಫಲಕವು ಕಂಡುದನ್ನೇ ನಾವು ಪರದೆಯಲ್ಲಿ ಕಾಣುತ್ತೇವೆ. ೨೦೦೮ರಲ್ಲಿ ಪ್ಯಾನಸೋನಿಕ್ ಸಂಸ್ಥೆಯ ಜಿ೧ ಬಂದ ಮೇಲೆ ಈ ಬಗೆ ಬೆಳೆಯತೊಡಗಿತು. ೨೦೧೩ರಲ್ಲಿ ಸೋನಿಯ ಎ೭ ಬಂದಿತು. ೨೦೧೮ರಲ್ಲಿ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು ಕೂಡ ದೊಡ್ಡ ಫಲಕದ ಮಿರರ್‌ಲೆಸ್ ಕ್ಯಾಮೆರಾಗಳನ್ನು ಹೊರತಂದವು.

ಹಾಗೆ ನೋಡಿದರೆ ಕಿಸೆಯ ಕ್ಯಾಮೆರಾದಲ್ಲಿಯೂ ಕನ್ನಡಿಯಿಲ್ಲ. ನಿಜವಾದ ಭೇದಗಳು ಎರಡು. ದೊಡ್ಡದರ ಮಸೂರವನ್ನು ಕಳಚಿ, ಕೆಲಸಕ್ಕೆ ತಕ್ಕಂತೆ ಬೇರೊಂದನ್ನು ಜೋಡಿಸಬಹುದು. ಕಿಸೆಯದರ ಮಸೂರ ಕಳಚಲು ಬಾರದು. ಇದು ಮೊದಲನೆಯದು. ಎರಡನೆಯದು ಫಲಕದ ಅಳತೆ.

ಮಳೆಯೂ ಪಾತ್ರೆಯೂ

ಆಟಿ ತಿಂಗಳ ಜಡಿಮಳೆಯಲ್ಲಿ ಅಂಗಳದ ನಡುವೆ ಒಂದು ಕೊಪ್ಪರಿಗೆಯನ್ನೂ ಒಂದು ಲೋಟವನ್ನೂ ಇಟ್ಟಿರೆನ್ನಿ. ಐದು ನಿಮಿಷದಲ್ಲಿ ಎರಡರಲ್ಲಿಯೂ ನೀರು ನಿಲ್ಲುತ್ತದೆ. ಆದರೆ ಕೊಪ್ಪರಿಗೆಯಲ್ಲಿ ನಿಂತ ನೀರು ಎಷ್ಟೋ ಪಾಲು ಹೆಚ್ಚು. ಮಳೆ ಒಂದೇ, ಕಾಲವೂ ಒಂದೇ. ಬಾಯಿಯ ಅಗಲ ಮಾತ್ರ ಬೇರೆ. ಬೆಳಕಿನ ವಿಷಯದಲ್ಲಿ ಸೆನ್ಸರೂ ಅಂಥ ಪಾತ್ರೆಯೇ.

ವಿದ್ಯಾರ್ಥಿಗಳು ಒಂದು ಕಾಗದದಲ್ಲಿ ಮೂರು ಆಯತಗಳನ್ನು ಕತ್ತರಿಸಿಕೊಳ್ಳಲಿ. ವೃತ್ತಿಯವರ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹೆಚ್ಚಾಗಿರುವ ಪೂರ್ಣ ಅಳತೆಯ ಫಲಕ ೩೬ ಮಿ.ಮೀ. ಉದ್ದ, ೨೪ ಮಿ.ಮೀ. ಅಗಲ, ಕ್ಷೇತ್ರಫಲ ೮೬೪ ಚದರ ಮಿ.ಮೀ. ಉತ್ತಮ ದರ್ಜೆಯ ಕಿಸೆ ಕ್ಯಾಮೆರಾಗಳಲ್ಲಿ ಬರುವ 'ಒಂದು ಇಂಚಿನ' ಫಲಕ ೧೩.೨ ಮಿ.ಮೀ. ಮತ್ತು ೮.೮ ಮಿ.ಮೀ.; ಕ್ಷೇತ್ರಫಲ ಸುಮಾರು ೧೧೬. ಅಗ್ಗದವುಗಳಲ್ಲಿರುವ ಫಲಕ ಸುಮಾರು ೬.೨ ಮತ್ತು ೪.೬ ಮಿ.ಮೀ.; ಕ್ಷೇತ್ರಫಲ ೨೮ರ ಆಸುಪಾಸು. ಮೊದಲನೆಯದು ಎರಡನೆಯದರ ಏಳೂವರೆ ಪಾಲು, ಮೂರನೆಯದರ ಮೂವತ್ತು ಪಾಲು.

ಇಲ್ಲಿ ಒಂದು ಎಚ್ಚರಿಕೆ. 'ಒಂದು ಇಂಚು' ಎಂಬ ಹೆಸರು ಹಳೆಯ ಟೆಲಿವಿಷನ್ ಕ್ಯಾಮೆರಾಗಳ ಗಾಜಿನ ನಳಿಗೆಯ ಹೊರವ್ಯಾಸದಿಂದ ಬಂದುದು. ಫಲಕದ ಯಾವ ಬದಿಯೂ ಒಂದು ಇಂಚಿಲ್ಲ. ಅಂಗಡಿಯಲ್ಲಿ ಹೆಸರನ್ನು ಕೇಳದೆ ಮಿಲಿಮೀಟರಿನ ಅಳತೆಯನ್ನು ಕೇಳತಕ್ಕದ್ದು.

ಮಸೂರದ ರಂಧ್ರವೂ ಬೆಳಕಿನ ಬಾಗಿಲೇ. ಅದರ ಮೇಲೆ ಬರೆದ ಎಫ್ ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಎಫ್ ೨.೮ ಎಂಬುದು ಎಫ್ ೫.೬ಕ್ಕಿಂತ ನಾಲ್ಕು ಪಾಲು ಬೆಳಕನ್ನು ಒಳಬಿಡುತ್ತದೆ. ಕಿಸೆ ಕ್ಯಾಮೆರಾಗಳ ಬಾಗಿಲು ಹತ್ತಿರದ ನೋಟದಲ್ಲಿ ಅಗಲವಾಗಿದ್ದರೂ ದೂರದ್ದನ್ನು ಹತ್ತಿರಕ್ಕೆ ಎಳೆದಂತೆ ಕಿರಿದಾಗುತ್ತದೆ. ೨೦೧೨ರ ಸೋನಿ ಆರ್‌ಎಕ್ಸ್೧೦೦ ಎಂಬುದರಲ್ಲಿ ಇದು ಎಫ್ ೧.೮ರಿಂದ ಎಫ್ ೪.೯ಕ್ಕೆ ಇಳಿಯುತ್ತದೆ.

ಇನ್ನು ಮೆಗಾಪಿಕ್ಸೆಲ್. ಜಾಹೀರಾತುಗಳು ಎತ್ತಿ ಹಿಡಿಯುವುದು ಇದನ್ನೇ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಬಿಂದುಗಳು. ಎ೪ ಅಳತೆಯ ಪುಟವನ್ನು ಇಂಚಿಗೆ ೩೦೦ ಬಿಂದುಗಳಂತೆ ಅಚ್ಚು ಮಾಡಲು ೯ ಮೆಗಾಪಿಕ್ಸೆಲಿಗಿಂತ ಕಡಿಮೆಯೇ ಸಾಕು. ಈ ವಾರ್ಷಿಕ ಸಂಚಿಕೆಗೆ ಬೇಕಾಗುವುದು ಅಷ್ಟೇ. ಅದಕ್ಕಿಂತ ಮೇಲಿನ ಅಂಕಿಗೆ ಮರುಳಾಗಿ ಹಣ ತೆರಬೇಕಾಗಿಲ್ಲ. ಅಂತೆಯೇ 'ಡಿಜಿಟಲ್ ಝೂಮ್' ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಉಪಾಯ ಮಾತ್ರ. ಲೆಕ್ಕಕ್ಕೆ ಹಿಡಿಯಬೇಕಾದುದು ಮಸೂರದಿಂದಲೇ ಆಗುವ ಝೂಮ್.

ದೊಡ್ಡದು ಗೆಲ್ಲುವಲ್ಲಿ

ಕಳೆದ ವರ್ಷ ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳ ಯಕ್ಷಗಾನವಾಯಿತು. ಪೋಷಕರೊಬ್ಬರಿಂದ ಎರವು ತಂದ ಸಣ್ಣ ಕ್ಯಾಮೆರಾದಲ್ಲಿ ಚಿತ್ರ ತೆಗೆದೆವು. ಮಹಿಷಾಸುರನ ವೇಷ ಧರಿಸಿದ ಹುಡುಗ ದೊಂದಿಯ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದ ಅಬ್ಬರಿಸುತ್ತ ರಂಗಸ್ಥಳವನ್ನೇರಿದ ಆ ಕ್ಷಣವನ್ನು ಊರೇ ಕಣ್ತುಂಬ ನೋಡಿತು. ಚಿತ್ರದಲ್ಲಿ ಮಾತ್ರ ಕೆಂಪು, ಕಪ್ಪು ಬಣ್ಣ ಒರೆಸಿದಂತೆ ಒಂದು ಮಬ್ಬು ಬಿದ್ದಿತ್ತು. ಮೂರು ದಿನಗಳ ಬಳಿಕ ಹುಡುಗನ ತಾಯಿ ಚಿತ್ರ ಕೇಳಲು ಶಾಲೆಗೆ ಬಂದರು. ಕೊಡಲು ನಮ್ಮಲ್ಲಿ ಒಂದೂ ಇರಲಿಲ್ಲ.

ಕಾರಣ ಸ್ಪಷ್ಟ. ತೆಂಕುತಿಟ್ಟಿನ ಧೀಂಗಿಣವನ್ನು ಚಿತ್ರದಲ್ಲಿ ನಿಲ್ಲಿಸಬೇಕಾದರೆ ಒಂದು ಸೆಕೆಂಡಿನ ಐನೂರರಲ್ಲಿ ಒಂದು ಪಾಲಿನಷ್ಟು ಕಾಲ ಮಾತ್ರ ಬಾಗಿಲು ತೆರೆದಿರಬೇಕು. ಅರುವತ್ತರಲ್ಲಿ ಒಂದು ಪಾಲಿಗೆ ಹೋಲಿಸಿದರೆ ಆಗ ಒಳಬರುವ ಬೆಳಕು ಎಂಟನೆಯ ಒಂದಂಶ. ಲೋಟಕ್ಕೆ ಅದು ಸಾಲದು, ಕೊಪ್ಪರಿಗೆಗೆ ಸಾಲುತ್ತದೆ. ರಾತ್ರಿಯ ರಂಗಸ್ಥಳ, ಭೂತದ ಕೋಲ, ಓಡುವ ಆಟಗಾರ, ದೂರದ ಮರದಲ್ಲಿ ಕುಳಿತ ಹಕ್ಕಿ, ಇವು ದೊಡ್ಡ ಕ್ಯಾಮೆರಾದ ಕ್ಷೇತ್ರಗಳು.

ಕಿಸೆಯದು ಗೆಲ್ಲುವಲ್ಲಿ

ಈಗ ತೂಕಕ್ಕೆ ಬರೋಣ. ೨೦೧೮ರಲ್ಲಿ ಬಂದ ಸೋನಿ ಎ೭ ಮೂರನೆಯ ಮಾದರಿಯ ತೂಕ ೬೫೦ ಗ್ರಾಂ. ಅದಕ್ಕೆ ವೃತ್ತಿಯವರ ೨೪-೭೦ ಮಿ.ಮೀ. ಎಫ್ ೨.೮ ಮಸೂರವನ್ನು ಜೋಡಿಸಿದರೆ ಒಂದೂವರೆ ಕಿಲೋ ಆಗುತ್ತದೆ. ರಂಗಸ್ಥಳದಿಂದ ದೂರ ಕುಳಿತು ಚಿತ್ರ ತೆಗೆಯಲು ಬೇಕಾದ ೭೦-೨೦೦ರ ಮಸೂರ ಇನ್ನೂ ಒಂದು ಕಿಲೋವಿನಷ್ಟು. ಮೇಲೆ ಹೇಳಿದ ಆರ್‌ಎಕ್ಸ್೧೦೦ದ ತೂಕ ೨೪೦ ಗ್ರಾಂ ಮಾತ್ರ.

ತೂಕವಷ್ಟೇ ಅಲ್ಲ. ಚಿಕ್ಕ ಫಲಕಕ್ಕೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಗುಣವುಂಟು. ಹಗಲಿನಲ್ಲಿ ಮೂರು ಸಾಲು ಮಕ್ಕಳನ್ನು ನಿಲ್ಲಿಸಿ ತೆಗೆದರೆ ಎಲ್ಲ ಮುಖಗಳೂ ತಿಳಿಯಾಗಿ ಬರುತ್ತವೆ. ದೊಡ್ಡದರಲ್ಲಿ ರಂಧ್ರವನ್ನು ಕಿರಿದುಗೊಳಿಸಲು ಅರಿಯದವನು ತೆಗೆದರೆ ಮುಂದಿನ ಸಾಲು ಸ್ಪಷ್ಟವಾಗಿ ಹಿಂದಿನ ಸಾಲು ಮಸುಕಾದೀತು. ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿಯ ಮುಂದೆ ದೊಡ್ಡ ಮಸೂರವನ್ನು ಹಿಡಿದರೆ ಆಕೆ ಸೆರಗು ಸರಿಪಡಿಸಿಕೊಂಡು ಬಿಗಿದು ಕೂರುತ್ತಾಳೆ. ಅಂಗೈಯಷ್ಟರ ಕ್ಯಾಮೆರಾವನ್ನು ಕಂಡರೆ ಮಾತನ್ನು ನಿಲ್ಲಿಸುವುದಿಲ್ಲ.

ಸಣ್ಣದು ಹೀನವೆಂಬ ಭಾವನೆಯನ್ನು ಚರಿತ್ರೆ ಒಪ್ಪುವುದಿಲ್ಲ. ಜರ್ಮನಿಯ ವೆಟ್ಸ್‌ಲಾರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ೧೯೨೫ರಲ್ಲಿ ಮಾರುಕಟ್ಟೆಗೆ ಬಂದಾಗ, ಗಾಜಿನ ಫಲಕಗಳ ದೊಡ್ಡ ಪೆಟ್ಟಿಗೆಗಳಿಗೆ ಒಗ್ಗಿದವರಿಗೆ ಅದು ಆಟಿಕೆಯಂತೆ ತೋರಿರಬೇಕು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸ್ಸೊ ಆ ಸಣ್ಣ ಕ್ಯಾಮೆರಾವನ್ನೇ ಹಿಡಿದು ಜಗತ್ತನ್ನು ಸುತ್ತಿದರು. ೧೯೪೮ರ ಜನವರಿಯಲ್ಲಿ ದೆಹಲಿಯಲ್ಲಿದ್ದು ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಚಿತ್ರಿಸಿದರು. ಲೈಕಾದ ಚಿತ್ರದ ಅಳತೆ ಎಷ್ಟೆಂದು ಬಲ್ಲಿರಾ? ೩೬ ಮತ್ತು ೨೪ ಮಿ.ಮೀ. ಅಂದು 'ಸಣ್ಣದು' ಎನಿಸಿದ ಅಳತೆಯೇ ಇಂದು ಪೂರ್ಣ ಅಳತೆ! ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩-೨೦೦೯) ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದಲೇ ಹೆಸರಾದರು. ಅಂಥ ಚಿತ್ರಗಳು ಜನರ ನಡುವೆ ಇದ್ದವನಿಗೆ ಮಾತ್ರ ದೊರಕುವಂಥವು.

ಮೊಬೈಲ್ ಇರುವಾಗ ಕಿಸೆಯ ಕ್ಯಾಮೆರಾ ಏತಕ್ಕೆಂದು ಪೋಷಕರು ಕೇಳುವುದು ನ್ಯಾಯವೇ. ಮೊಬೈಲಿನ ಚಿತ್ರಗಳು ಈಗ ಬಹಳ ಚೆನ್ನಾಗಿ ಬರುತ್ತವೆ. ಅಗ್ಗದ ಕಿಸೆ ಕ್ಯಾಮೆರಾವನ್ನು ಕೊಳ್ಳುವುದಕ್ಕಿಂತ ಕೈಯಲ್ಲಿರುವ ಮೊಬೈಲೇ ಮೇಲು. ಆದುದರಿಂದ ಕೊಳ್ಳುವುದಾದರೆ ದೊಡ್ಡ ಫಲಕವುಳ್ಳ ಕಿಸೆ ಕ್ಯಾಮೆರಾವನ್ನೇ ಕೊಳ್ಳಬೇಕು. ೨೦೧೯ರ ರಿಕೋ ಜಿಆರ್ ೩ ಕೇವಲ ೨೫೭ ಗ್ರಾಂ ತೂಗಿದರೂ ಅದರ ಫಲಕ ಒಂದು ಇಂಚಿನದಕ್ಕಿಂತ ಮೂರು ಪಾಲು ದೊಡ್ಡದು; ಆದರೆ ಅದಕ್ಕೆ ಝೂಮ್ ಇಲ್ಲ. ಒಂದನ್ನು ಪಡೆದಲ್ಲಿ ಇನ್ನೊಂದನ್ನು ಬಿಡಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಇನ್ನೊಂದು ಮಾತು: ಕ್ಯಾಮೆರಾಕ್ಕೆ ಕರೆಯಿಲ್ಲ, ಆಟವಿಲ್ಲ, ನೋಡುವುದೊಂದೇ ಅದರ ಕೆಲಸ. ಕಲಿಯುವ ಮಗುವಿಗೆ ಇದು ಸಣ್ಣ ಲಾಭವಲ್ಲ.

ಬೀಗದೊಳಗಿನ ಕ್ಯಾಮೆರಾ

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ೨೦೦೯ರಲ್ಲಿ, ನಾವು ಕಿರಿಯ ಅಧ್ಯಾಪಕರಾಗಿದ್ದ ಬೇರೊಂದು ಶಾಲೆಗೆ ದಾನಿಗಳು ಬೆಲೆಬಾಳುವ ಎಸ್‌ಎಲ್‌ಆರ್ ಕ್ಯಾಮೆರಾವೊಂದನ್ನು ಕೊಟ್ಟರು. ಮಕ್ಕಳ ಕೈಗೆ ಸಿಕ್ಕಿ ಕೆಟ್ಟೀತೆಂದು ಅದನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು. ಹಾಗೆ ಮಾಡಬೇಕೆಂದವರಲ್ಲಿ ನಾವೂ ಒಬ್ಬರು. ಒಂದು ಶನಿವಾರ, ಆ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾಗಿದ್ದ ಪಂಡಿತರು ಹೇಳದೆ ಕೇಳದೆ ಬಂದರು. ಅಂಗಳದ ಹಲಸಿನ ಮರದ ಕೆಳಗೆ ಕುಳಿತು, ಸುತ್ತ ನೆರೆದ ಮಕ್ಕಳಿಗೆ ಗಂಟೆಯ ಹೊತ್ತು ಭಾರತವನ್ನು ವಾಚಿಸಿದರು. ಕಪಾಟಿನ ಬೀಗದ ಕೈ ಗುಮಾಸ್ತರಲ್ಲಿತ್ತು. ಅವರು ಕೆಲಸದ ಮೇಲೆ ಪೇಟೆಗೆ ಹೋಗಿದ್ದರು. ನಮ್ಮಲ್ಲಿ ಯಾರ ಮೊಬೈಲಿನಲ್ಲಿಯೂ ಆಗ ಚಿತ್ರ ತೆಗೆಯುವ ಅನುಕೂಲವಿರಲಿಲ್ಲ. ಮರುವರ್ಷ ಪಂಡಿತರು ತೀರಿಕೊಂಡರು. ಶಾಲಾ ಸಂಚಿಕೆಯಲ್ಲಿ ಅಚ್ಚಾದುದು ಹಳೆಯ ದಾಖಲೆಯಿಂದ ಬಿಡಿಸಿ ತೆಗೆದ ಬೆರಳಗಲದ ಚಿತ್ರ.

ಕ್ಯಾಮೆರಾವಾದರೂ ಉಳಿಯಿತೇ? ಎರಡು ಮಳೆಗಾಲ ಕಳೆದು ಹೊರತೆಗೆದಾಗ ಮಸೂರದೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ, ಬೆಳಕಿಲ್ಲದ ಮುಚ್ಚಿದ ಕಪಾಟು ಬೂಷ್ಟಿಗೆ ತವರು. ಮಸೂರಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ಒಳಗಿನ ತೇವವನ್ನು ನೂರಕ್ಕೆ ನಲುವತ್ತರಿಂದ ಐವತ್ತರಲ್ಲಿ ಉಳಿಸಬೇಕು; ಆಗಾಗ ಹೊರತೆಗೆದು ಬಳಸಬೇಕು. ಆದುದರಿಂದ ದೊಡ್ಡ ಕ್ಯಾಮೆರಾದ ಬೆಲೆಯನ್ನು ಎಣಿಸುವಾಗ ಕ್ಯಾಮೆರಾ, ಮಸೂರಗಳು, ಹೆಚ್ಚಿನ ಬ್ಯಾಟರಿ, ಕಾರ್ಡು, ಚೀಲ, ಒಣಪೆಟ್ಟಿಗೆ ಎಲ್ಲವನ್ನೂ ಕೂಡಿಸಬೇಕು. ಜೊತೆಗೆ ಅದನ್ನು ವಾರಕ್ಕೊಮ್ಮೆಯಾದರೂ ಹಿಡಿಯುವ ಒಬ್ಬ ಮನುಷ್ಯನನ್ನೂ ಕೂಡಿಸಬೇಕು.

ನಮ್ಮ ನಿರ್ಧಾರ

೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನದಲ್ಲಿ ಮಕ್ಕಳಾಗಿದ್ದವರು ಇಂದು ನಮ್ಮ ಊರಿನ ಅಜ್ಜ ಅಜ್ಜಿಯರು. ಈ ಗಡಿನಾಡಿನ ಕನ್ನಡದ ಬಾಳಿನ ಬಹುಭಾಗ ಬರೆದಿಟ್ಟುದಲ್ಲ; ಅವರ ಮುಖಗಳಲ್ಲಿ, ಮನೆಗಳಲ್ಲಿ, ಹಳೆಯ ಪ್ರಸಂಗದ ಹಸ್ತಪ್ರತಿಗಳಲ್ಲಿ ಇರುವಂಥದು. ಅದನ್ನು ತೆಗೆದಿಡುವ ಕಾಲ ಹೆಚ್ಚಿಲ್ಲ. ಅದಕ್ಕೆ ಬೇಕಾದುದು ಹಗಲಿನ ಬೆಳಕು, ಮನೆಯೊಳಗೆ ಹೋಗಬಲ್ಲ ಮಗು, ಮಗುವಿನ ಕೈಯಲ್ಲಿರುವ ಕ್ಯಾಮೆರಾ.

ಆದುದರಿಂದ ಒಂದು ಇಂಚಿನ ಅಥವಾ ಅದಕ್ಕೂ ದೊಡ್ಡ ಫಲಕವುಳ್ಳ ಕಿಸೆ ಕ್ಯಾಮೆರಾವನ್ನು ಮೊದಲು ಕೊಳ್ಳುವುದೆಂದು ಸಂಘವು ತೀರ್ಮಾನಿಸಿದೆ. ದಾನಿಗಳೂ ಸಂತೋಷದಿಂದ ಒಪ್ಪಿದ್ದಾರೆ. ಅದು ವಾಚನಾಲಯದ ಪುಸ್ತಕದಂತೆ ರುಜುಹಾಕಿ ಒಯ್ಯುವ ವಸ್ತುವಾಗಿರುತ್ತದೆ. ತೆಗೆದ ಪ್ರತಿ ಚಿತ್ರಕ್ಕೂ ಹೆಸರು, ಊರು, ದಿನಾಂಕಗಳನ್ನು ಕನ್ನಡದಲ್ಲಿ ಬರೆದು ಎರಡು ಕಡೆ ಪ್ರತಿ ಇಡತಕ್ಕದ್ದು. ವಾರ್ಷಿಕೋತ್ಸವದ ಯಕ್ಷಗಾನಕ್ಕೆ ಪೇಟೆಯ ಛಾಯಾಗ್ರಾಹಕರನ್ನು ಅವರ ದೊಡ್ಡ ಕ್ಯಾಮೆರಾದೊಡನೆ ಕರೆಸುತ್ತೇವೆ. ನಮ್ಮ ಇಬ್ಬರು ವಿದ್ಯಾರ್ಥಿಗಳು ಅವರ ಬಳಿ ನಿಂತು ಕಲಿಯಲಿದ್ದಾರೆ. ಎರಡು ವರ್ಷಗಳಲ್ಲಿ ಆ ವಿದ್ಯೆ ನಮ್ಮ ಮಕ್ಕಳ ಕೈಗೆ ಹತ್ತಿದರೆ ದೊಡ್ಡದನ್ನೂ ಕೊಳ್ಳೋಣ.

ಹಿಂದಿನ ಬೆಂಚಿನ ಆ ಹುಡುಗಿಗೆ ನಮ್ಮ ಉತ್ತರವಿದು: ಕೊಡುತ್ತೇವೆ, ಮಗೂ. ಮೊದಲ ವಾರದ ರುಜು ನಿನ್ನದೇ ಆಗಲಿ; ಮೊದಲ ಚಿತ್ರ ನಿನ್ನ ಅಜ್ಜಿಯದಾಗಲಿ.