ಹೊಳೆಯ ಮೇಲೊಂದು ಗಡಿ: ಚೌ ಡಾಕ್‌ನಿಂದ ಫ್ನೋಮ್ ಪೆನ್‌ಗೆ

ವಿಯೆಟ್ನಾಮಿನ ಚೌ ಡಾಕ್‌ನಿಂದ ಕಾಂಬೋಡಿಯಾದ ರಾಜಧಾನಿ ಫ್ನೋಮ್ ಪೆನ್‌ಗೆ ಮೆಕಾಂಗ್ ನದಿಯಲ್ಲಿ ಸ್ಪೀಡ್‌ಬೋಟ್ ಹೋಗುತ್ತದೆ. ಬೆಳಿಗ್ಗೆ ಹೊರಟರೆ ಪ್ರವಾಹಕ್ಕೆ ಎದುರಾಗಿ ಸುಮಾರು ಐದು ತಾಸು. ಬಸ್ಸಿದೆ, ವಿಮಾನವೂ ಇದೆ. ಆದರೂ ದೋಣಿಯನ್ನೇ ಹಿಡಿಯುವ ಆಸೆ ನಿಮಗಿದ್ದರೆ, ನಾನು ತೆತ್ತ ದಂಡವನ್ನು ನೀವೂ ತೆರಬೇಕಾಗಿಲ್ಲ.

1. ಹೋಗುವ ವೀಸಾದ ಜೊತೆ ಮರಳುವ ವೀಸಾವನ್ನೂ ಯೋಚಿಸಿ.
ವಿಯೆಟ್ನಾಮಿನ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50. ಜಾಣತನ ಮಾಡಿ ಅಗ್ಗದ್ದನ್ನೇ ತೆಗೆದುಕೊಂಡೆ. ಊರಿಗೆ ಮರಳುವ ವಿಮಾನ ಮಾತ್ರ ಹೋ ಚಿ ಮಿನ್ ಸಿಟಿಯಿಂದ! ಗಡಿ ದಾಟಿದ ಕೂಡಲೇ ಆ ವೀಸಾ ಮುಗಿದ ಹಾಗೇ ಎಂಬುದು ತಲೆಗೆ ಹೋದದ್ದು ಹಿಂದಿನ ರಾತ್ರಿ, ಚೌ ಡಾಕ್‌ನ ಲಾಡ್ಜಿನಲ್ಲಿ. ಫ್ನೋಮ್ ಪೆನ್‌ನಲ್ಲಿ ಕೂತು ಮತ್ತೊಂದು ಅರ್ಜಿ ಹಾಕಿ ಇನ್ನೊಮ್ಮೆ 25 ಡಾಲರ್ ಕಟ್ಟಿದೆ. ಉಳಿಸಿದ್ದು ಸೊನ್ನೆ, ಕಳೆದುಕೊಂಡದ್ದು ನಿದ್ದೆ. ಅರ್ಜಿಯಲ್ಲಿ ಹೊರಹೋಗುವ ಗಡಿಯ ಹೆಸರನ್ನೂ ಕೇಳುತ್ತಾರೆ. ಪಟ್ಟಿಯಲ್ಲಿ ಚೌ ಡಾಕ್ ಎಂದು ಹುಡುಕಬೇಡಿ. ಈ ನದಿಗಡಿ ಅಲ್ಲಿರುವುದು ಸೋಂಗ್ ತಿಯೆನ್ ಎಂಬ ಹೆಸರಿನಲ್ಲಿ.

2. ಗಡಿಯಲ್ಲಿ ಚೌಕಾಸಿಗೆ ನಿಲ್ಲಬೇಡಿ.
ದೋಣಿಯ ಸಿಬ್ಬಂದಿ ಎಲ್ಲರ ಪಾಸ್‌ಪೋರ್ಟ್, ಫೋಟೊ, ವೀಸಾದ ದುಡ್ಡು ಒಟ್ಟುಮಾಡುತ್ತಾರೆ. ಮೊದಲು ವಿನ್ ಸುವೊಂಗ್‌ನಲ್ಲಿ ವಿಯೆಟ್ನಾಮಿನ ಮುದ್ರೆ, ಅಲ್ಲಿಂದ ಮುಂದೆ ಕಾಮ್ ಸಮ್ನೋರ್‌ನಲ್ಲಿ ಕಾಂಬೋಡಿಯಾದ್ದು. ಪ್ರವಾಸಿ ವೀಸಾಕ್ಕೆ 30 ಡಾಲರ್ ಎಂದು ಓದಿಕೊಂಡು ಹೋಗಿದ್ದವನು ನಾನು. ಅದರ ಮೇಲೆ ಕೇಳಿದ ಕೆಲವು ಡಾಲರಿಗೆ ರಸೀದಿ ಕೊಡಿ ಎಂದು ಪಟ್ಟು ಹಿಡಿದೆ. ದೋಣಿಯವನು ನಗುತ್ತಲೇ ನನ್ನ ಪಾಸ್‌ಪೋರ್ಟ್ ವಾಪಸು ಕೊಟ್ಟ. ಉಳಿದವರೆಲ್ಲ ದೋಣಿ ಹತ್ತಿ ಕೂತ ಮೇಲೂ ನಾನು ಕಿಟಕಿಯ ಮುಂದೆ ಅರ್ಜಿ ತುಂಬುತ್ತಲೇ ಇದ್ದೆ. ಹಕ್ಕು ನನ್ನದೇ ಇರಬಹುದು, ಕಾಯ್ದವರು ಮಾತ್ರ ಅವರು. ಸ್ವಂತವಾಗಿ ಮಾಡಿಕೊಳ್ಳುವುದಾದರೆ ದೋಣಿ ಹತ್ತುವ ಮೊದಲೇ ಹೇಳಿ, ಅರ್ಜಿ ತುಂಬಿಟ್ಟುಕೊಳ್ಳಿ.

3. ಹರಿದ ಡಾಲರ್ ಮನೆಯಲ್ಲೇ ಇರಲಿ.
ಕಾಂಬೋಡಿಯಾದಲ್ಲಿ ಡಾಲರೂ ನಡೆಯುತ್ತದೆ, ರಿಯಲ್ಲೂ ನಡೆಯುತ್ತದೆ. ಒಂದು ಡಾಲರಿಗೆ ಸುಮಾರು 4,000 ರಿಯಲ್. ಫ್ನೋಮ್ ಪೆನ್‌ನಲ್ಲಿ 1937ರಲ್ಲಿ ಕಟ್ಟಿದ, ಹಳದಿ ಗುಮ್ಮಟದ ಸೆಂಟ್ರಲ್ ಮಾರ್ಕೆಟ್‌ನಲ್ಲಿ ಒಂದೂವರೆ ಡಾಲರಿನ ಹಣ್ಣು ಕೊಂಡೆ. ಅಂಚು ಹರಿದ ನನ್ನ ನೋಟನ್ನು ಅಂಗಡಿಯಾಕೆ ಬೆರಳ ತುದಿಯಲ್ಲಿ ಹಿಡಿದು ಹಿಂತಿರುಗಿಸಿದಳು. ಬೇರೆ ಎರಡು ಡಾಲರ್ ಕೊಟ್ಟದ್ದಕ್ಕೆ 2,000 ರಿಯಲ್ ಬಂತು. ಬಾಕಿ ಅರ್ಧ ಡಾಲರ್ ಎಲ್ಲಿ ಎಂದು ಕೇಳಿಬಿಟ್ಟೆ! ಆಕೆ ಕ್ಯಾಲ್ಕುಲೇಟರಿನಲ್ಲಿ 4,000 ಒತ್ತಿ, ಎರಡರಿಂದ ಭಾಗಿಸಿ, ನನ್ನ ಮೂಗಿನ ಮುಂದೆ ಹಿಡಿದಳು. ಪಕ್ಕದ ಅಂಗಡಿಯವರೂ ನಕ್ಕರು. ಗರಿಗರಿಯಾದ ಸಣ್ಣ ನೋಟುಗಳನ್ನೇ ಒಯ್ಯಿರಿ, ಬಾಯಿಲೆಕ್ಕ ಕಲಿತುಕೊಂಡೇ ಹೋಗಿ.

4. ದೋಣಿಯ ಮುಂದಿನ ಸೀಟಿಗೆ ಮುಗಿಬೀಳಬೇಡಿ.
ಬಸ್ಸಿನ ಅಭ್ಯಾಸ, ಓಡಿಹೋಗಿ ಮುಂದೆ ಕೂತೆ. ಗಾಜಿನ ಮೇಲೆಲ್ಲ ನೀರಿನ ತುಂತುರು, ಹೊರಗಿನದು ಏನೂ ಕಾಣದು. ನೋಡುವಂಥದ್ದೆಲ್ಲ ಹಿಂಭಾಗದ ತೆರೆದ ಜಾಗದಿಂದ: ಮಸೀದಿಯ ಗೋಪುರ, ಜೋಳದ ಹೊಲ, ದಡದಲ್ಲಿ ಮೀಯುವ ಎಮ್ಮೆ. ಅದಕ್ಕಿಂತ ಮುಖ್ಯ, ಚೌ ಡಾಕ್‌ನಲ್ಲೇ ಒಂದು ದಿನ ಉಳಿಯಿರಿ. ಅಲ್ಲಿಯ ತೇಲುಮನೆಗಳ ಕೆಳಗೆ ಮೀನಿನ ಪಂಜರಗಳಿವೆ. ಮನೆಯವರು ನಡುಮನೆಯ ಹಲಗೆಯೊಂದನ್ನು ಎತ್ತಿ ಮೇವು ಎರಚಿದರೆ, ಕಾಲ ಬುಡದಲ್ಲೇ ನೀರು ಕುದಿದಂತೆ ಮೀನು ಮೇಲೇಳುತ್ತವೆ. ಅದನ್ನು ಕಂಡದ್ದು ದೋಣಿ ತಪ್ಪಿಸಿಕೊಂಡು ಅಲ್ಲೇ ಉಳಿಯಬೇಕಾಗಿ ಬಂದದ್ದರಿಂದ. ಅದು ನನ್ನ ಯೋಜನೆಯ ಹೆಚ್ಚುಗಾರಿಕೆಯೇನಲ್ಲ.

5. ಫ್ನೋಮ್ ಪೆನ್ ಊರನ್ನು ಅದರ ನದಿಗಳಿಂದಲೇ ಅರ್ಥ ಮಾಡಿಕೊಳ್ಳಿ.
ಮೊದಲ ಸಂಜೆ ಸಿಸೊವಾತ್ ದಂಡೆಯಲ್ಲಿ ನಿಂತು ಫೋಟೊ ತೆಗೆದು, ಮೆಕಾಂಗ್ ಎಂದು ಮನೆಗೆ ಕಳಿಸಿದೆ. ಅದು ತೋನ್ಲೆ ಸಾಪ್! ಅಲ್ಲಿಯ ರಾಜರ ಅರಮನೆಯ ಎದುರಿಗೆ ಅದು ಮೆಕಾಂಗನ್ನು ಕೂಡುತ್ತದೆ, ಅಲ್ಲಿಂದಲೇ ಬಸಾಕ್ ಕವಲೊಡೆಯುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮೆಕಾಂಗ್ ತೋನ್ಲೆ ಸಾಪನ್ನು ಹಿಂದಕ್ಕೆ ತಳ್ಳುತ್ತದೆ. ಆಗ ನದಿ ಉಲ್ಟಾ ಹರಿದು ಮೇಲಿನ ಸರೋವರವನ್ನು ತುಂಬುತ್ತದೆ, ಮಳೆ ನಿಂತ ಮೇಲೆ ಮತ್ತೆ ದಿಕ್ಕು ಬದಲಿಸುತ್ತದೆ. ಆ ಹೊತ್ತಿಗೇ ಬೊನ್ ಓಮ್ ಟೂಕ್ ಜಲಹಬ್ಬ, ದೋಣಿ ಸ್ಪರ್ಧೆ. ಇದು ತಿಳಿದ ಮೇಲೆ, ಅರಮನೆ ಹೊಳೆಗೆ ಮುಖ ಮಾಡಿ ಯಾಕಿದೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

6. ತುವೊಲ್ ಸ್ಲೆಂಗ್ ನೋಡುವ ದಿನ ಬೇರೇನೂ ಇಟ್ಟುಕೊಳ್ಳಬೇಡಿ.
ಈ ಪಾಠ ಇನ್ನೂ ಚುಚ್ಚುತ್ತದೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡಾಯಗಾರರ ಪಡೆ ಊರು ಹೊಕ್ಕು, ಜನರನ್ನೆಲ್ಲ ಹಳ್ಳಿಗಳಿಗೆ ಅಟ್ಟಿತು. ಆ ಆಳ್ವಿಕೆ 1979ರ ಜನವರಿ 7ರವರೆಗೆ ನಡೆಯಿತು. ತುವೊಲ್ ಸ್ಲೆಂಗ್ ಆ ಪಡೆ ಬರುವವರೆಗೆ ಒಂದು ಹೈಸ್ಕೂಲು, ಆಮೇಲೆ ಎಸ್-21 ಎಂಬ ಸೆರೆಮನೆ, ಈಗ ಮ್ಯೂಸಿಯಂ. ತರಗತಿಯ ಕೋಣೆಗಳೊಳಗೆ ಇಟ್ಟಿಗೆಯಿಂದ ಕಟ್ಟಿದ ಗೂಡುಗಳು ಹಾಗೇ ಇವೆ. ಕೈದಿಗಳನ್ನು ಒಳತಂದಾಗ ತೆಗೆದ ಫೋಟೊಗಳು ಸಾಲುಸಾಲಾಗಿವೆ, ಅವರಲ್ಲಿ ಮಕ್ಕಳೂ ಇದ್ದಾರೆ. ನಾನು ಅದನ್ನು ಮಾರುಕಟ್ಟೆಗೂ ಸಂಜೆಯ ದೋಣಿ ವಿಹಾರಕ್ಕೂ ನಡುವೆ ಎರಡು ತಾಸಿನ ಕೆಲಸವೆಂದು ಬರೆದುಕೊಂಡಿದ್ದೆ. ಹೊರಬಂದಾಗ ಟುಕ್‌ಟುಕ್ ಚಾಲಕ ಮುಂದೆ ಎಲ್ಲಿಗೆ ಎಂದು ಕೇಳಿದ. ರೂಮಿಗೆ ಎಂದೆ. ನಮ್ಮಂಥವರನ್ನು ಬಹಳ ಕಂಡವನಿರಬೇಕು, ಮರುಮಾತಾಡಲಿಲ್ಲ. ಊರಿಂದ ಸುಮಾರು 15 ಕಿಲೋಮೀಟರ್ ದೂರದ ವಧಾಸ್ಥಳ ಚೊಯುಂಗ್ ಎಕ್‌ಗೆ ಇನ್ನೊಂದು ದಿನ ಹೋದೆ.

7. ಅರಮನೆ ಬಾಗಿಲು ಹಾಕಿದರೆ ಮ್ಯೂಸಿಯಂಗೆ ನಡೆಯಿರಿ.
ಅರಮನೆಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ನಡುಮಧ್ಯಾಹ್ನ ಅದು ಮುಚ್ಚಿರುತ್ತದೆ. ನಾನು ಚಡ್ಡಿಯಲ್ಲಿ ಹೋದೆ, ಅದೂ ಅದೇ ಹೊತ್ತಿಗೆ. ಬಿಸಿಲಿಗೆ ಹೆದರಿ ಪಕ್ಕದ ನ್ಯಾಷನಲ್ ಮ್ಯೂಸಿಯಂ ಹೊಕ್ಕೆ. 1920ರಲ್ಲಿ ತೆರೆದ ಆ ಕೆಂಪು ಕಟ್ಟಡದಲ್ಲಿ ಪ್ರಸಾತ್ ಅಂದೆತ್‌ನಿಂದ ತಂದ ಹರಿಹರ ಮೂರ್ತಿಯಿದೆ. ಬಲಕ್ಕೆ ಶಿವನ ಜಟೆ, ಎಡಕ್ಕೆ ವಿಷ್ಣುವಿನ ಎತ್ತರದ ಕಿರೀಟ. ತುಂಗಭದ್ರೆಯ ದಡದ ನಮ್ಮ ಹರಿಹರದಲ್ಲಿ ಹೊಯ್ಸಳರ ಗುಡಿಗೆ ಹೋಗಿ ಬಂದವರು ಆ ಮೂರ್ತಿಯ ಮುಂದೆ ತುಸು ಹೆಚ್ಚೇ ಹೊತ್ತು ನಿಲ್ಲುತ್ತಾರೆ. ನಾನೂ ನಿಂತೆ, ಅರಮನೆ ಮತ್ತೆ ತೆರೆದದ್ದೇ ಗೊತ್ತಾಗಲಿಲ್ಲ. ಮಾರನೆಯ ದಿನ ಪ್ಯಾಂಟು ಹಾಕಿಕೊಂಡು, ಬೆಳಿಗ್ಗೆಯೇ ಹೋದೆ. ನೀವು ಮೊದಲ ದಿನವೇ ಹಾಗೆ ಮಾಡಿ.