ಐಸಿಯು ಬಾಗಿಲಲ್ಲಿ ಕೂತ ಅಪ್ಪ-ಅಮ್ಮ

ಕಳೆದ ಚಳಿಗಾಲದಲ್ಲಿ ನಮಗೆ ಪರಿಚಯವಿದ್ದ ಕನ್ನಡ ಕುಟುಂಬವೊಂದರ ಮೂರು ವರ್ಷದ ಮಗು ಇಲ್ಲಿನ ಆಸ್ಪತ್ರೆಯ ಐಸಿಯು ಸೇರಿತು. ನಾವು ನಾಲ್ಕು ಜನ ಅನ್ನ-ಸಾರು ಮಾಡಿಕೊಂಡು ಹೋದೆವು. "ಧೈರ್ಯವಾಗಿರಿ ಅಕ್ಕ, ಏನೂ ಆಗಲ್ಲ" ಅಂದೆವು. ಅವರು, "ಧೈರ್ಯ ಇದೆ ಕಣಪ್ಪಾ. ಆದ್ರೆ ಮಗೂನ ಎತ್ಕೊಳ್ಳೋ ಹಾಗಿಲ್ಲ, ಊಟ ಮಾಡಿಸೋ ಹಾಗಿಲ್ಲ. ನಾನು ಇಲ್ಲಿ ಯಾಕಿದ್ದೀನಿ ಅನ್ಸುತ್ತೆ" ಅಂದರು. ನಮಗೆ ಉತ್ತರ ತೋಚಲಿಲ್ಲ. ಆಮೇಲೆ ಈ ಬಗ್ಗೆ ಓದತೊಡಗಿದೆವು.

ಮಾನಿಟರ್‌ಗಳ ಸದ್ದು, ಮೈಮೇಲಿನ ಟ್ಯೂಬುಗಳು, ಇವೇ ಪೋಷಕರನ್ನು ಹೆಚ್ಚು ಹೆದರಿಸುತ್ತವೆ ಎಂದುಕೊಂಡಿದ್ದೆವು. ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಗರೆಟ್ ಮೈಲ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಕ್ಕಳ ಐಸಿಯುನಲ್ಲಿ ಪೋಷಕರ ಒತ್ತಡ ಅಳೆಯಲು ಪ್ರಶ್ನಾವಳಿ ರೂಪಿಸಿದರು. ಅದನ್ನು ಬಳಸಿದ ಅನೇಕ ಅಧ್ಯಯನಗಳಲ್ಲಿ ಎದ್ದು ಕಂಡದ್ದು ಬೇರೆಯೇ ನೋವು: ಅಪ್ಪ-ಅಮ್ಮನಾಗಿ ಮಾಡಬೇಕಾದ್ದನ್ನು ಮಾಡಲಾಗದಿರುವುದು. ಅಕ್ಕ ಹೇಳಿದ್ದೂ ಇದನ್ನೇ.

ಬ್ರಿಟನ್ನಿನಲ್ಲಿ ಹಿಂದೆ ಮಕ್ಕಳನ್ನು ನೋಡಲು ಪೋಷಕರಿಗೆ ಕೆಲವೇ ಗಂಟೆಗಳ ಅವಕಾಶವಿತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಮಗುವಿನ ಚಿತ್ರ ತೆಗೆದರು. 1959ರ ಪ್ಲಾಟ್ ವರದಿ, ಪೋಷಕರಿಗೆ ಭೇಟಿಯ ನಿರ್ಬಂಧ ಬೇಡ ಎಂದು ಶಿಫಾರಸು ಮಾಡಿತು. ಆದರೆ ಪಕ್ಕದಲ್ಲಿ ಕೂತರಷ್ಟೇ ಸಾಲದು. 2004ರಲ್ಲಿ ಪ್ರಕಟವಾದ ಬರ್ನಡೆಟ್ ಮೆಲ್ನಿಕ್ ಅವರ ಪ್ರಯೋಗದಲ್ಲಿ, ಮಗು ಹೇಗೆ ವರ್ತಿಸಬಹುದು, ತಾವು ಏನು ಮಾಡಬಹುದು ಎಂದು ಮೊದಲೇ ತಿಳಿದ ತಾಯಂದಿರಿಗೆ ಒತ್ತಡ ಕಡಿಮೆಯಿತ್ತು.

ಎಲ್ಲರೂ ಒಂದೇ ಥರ ತಡೆದುಕೊಳ್ಳುವುದಿಲ್ಲ. ಒಬ್ಬರು ಡಾಕ್ಟರ್ ಹೇಳಿದ್ದೆಲ್ಲ ಬರೆದಿಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಸುಮ್ಮನೆ ದೇವರ ಹೆಸರು ಹೇಳುತ್ತಾರೆ. ಸುಮ್ಮನಿದ್ದವರಿಗೆ ಮಗುವಿನ ಚಿಂತೆ ಇಲ್ಲ ಅಂದುಕೊಳ್ಳಬಾರದು.

ಹಾಗಾದರೆ ನಾವೇನು ಮಾಡಬಹುದು?

- "ಏನಾದ್ರೂ ಬೇಕಾ?" ಎನ್ನುವ ಬದಲು, "ನಾಳೆ ರಾತ್ರಿ ಊಟ ನಾವು ತರ್ತೀವಿ" ಅನ್ನೋಣ.
- ಊರಿಂದ ಬರುವ ಫೋನುಗಳಿಗೆ ಉತ್ತರಿಸಲು ಮನೆಯವರಲ್ಲೇ ಒಬ್ಬರನ್ನು ಗೊತ್ತುಮಾಡಲು ಹೇಳೋಣ.
- ಡಾಕ್ಟರ್ ಮಾತನ್ನು ನಾವೇ ಅನುವಾದಿಸದೆ, ಆಸ್ಪತ್ರೆಯ ದುಭಾಷಿಯನ್ನು ಕೇಳಲು ನೆನಪಿಸೋಣ.
- "ಮಗುವಿಗೆ ನಾನೇನು ಮಾಡಬಹುದು?" ಎಂದು ನರ್ಸನ್ನು ಕೇಳಲು ಹೇಳೋಣ.

ಈ ಕೊನೆಯ ಪ್ರಶ್ನೆಯನ್ನು ಅಕ್ಕ ಕೇಳಿದರು. ಒದ್ದೆ ಹತ್ತಿಯಿಂದ ಮಗುವಿನ ತುಟಿ ಒರೆಸುವ ಕೆಲಸ ಸಿಕ್ಕಿತು. ಮರುದಿನ ನಾವು ಹೋದಾಗ, ಅಕ್ಕ ಮೊದಲು ಹೇಳಿದ್ದು ಅದನ್ನೇ.